ಅಪ್ಪನ ಅಡಿಕೆ, ಸಮುದ್ರದ ಆಮೆ

ನೀರೆಂದರೆ ನನಗೆ ಮೊದಲಿನಿಂದಲೂ ಹೆದರಿಕೆ. ಹಳೇ ಬಾಗಲಕೋಟೆಯ ತಗ್ಗಿನ ಓಣಿಯಲ್ಲಿದ್ದ ನಮ್ಮ ಫೋಟೋ ಸ್ಟುಡಿಯೋ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ, ನಾವು ನವನಗರಕ್ಕೆ ಬಂದ ಮೇಲೆ ಅದು ಇನ್ನಷ್ಟು ಬಲಿಯಿತು. ಹಿನ್ನೀರು ಕಾಣುವ ರಸ್ತೆಯಲ್ಲಿ ಬಸ್ಸು ಹೋಗುವಾಗ ನಾನು ಆ ಬದಿಯ ಕಿಟಕಿಗೆ ಕೂರುತ್ತಲೇ ಇರಲಿಲ್ಲ. ಇಂಥ ಪುಕ್ಕಲ ಸಮುದ್ರದೊಳಗೆ ಇಳಿದು ಆಮೆಯ ಫೋಟೋ ತೆಗೆದ ಎಂದರೆ ಯಾರೂ ನಂಬುವುದಿಲ್ಲ. ತೆಗೆದದ್ದು ಖರೆ. ಅದು ನನ್ನ ಜೀವ ತೆಗೆಯುವುದರಲ್ಲಿತ್ತು ಎಂಬುದೂ ಖರೆ.

ಮೊದಲು ಅಪ್ಪನ ಅಡಿಕೆಯ ವಿಷಯ ಹೇಳಬೇಕು. ಫ್ಲ್ಯಾಶ್ ಅಂದರೆ ಅಪ್ಪನಿಗೆ ಆಗುತ್ತಿರಲಿಲ್ಲ, ಮುಖಕ್ಕೆ ಸುಣ್ಣ ಬಳಿದ ಹಾಗಾಗುತ್ತದೆ ಎನ್ನುತ್ತಿದ್ದ. ಕಿಟಕಿಯ ಬೆಳಕಿನಲ್ಲೇ ನಿಧಾನದ ಶಟರ್ ಇಟ್ಟು ತೆಗೆಯಬೇಕು. ಕೈ ತುಸು ಅಲ್ಲಾಡಿದರೂ ಚಿತ್ರ ಮಸುಕಾಗುವ ಅಂಥ ಕೆಲಸಕ್ಕೂ ಸ್ಟ್ಯಾಂಡ್ ಬೇಕಿಲ್ಲ ಎಂಬ ಹಮ್ಮು ಬೇರೆ. ನನಗೆ ಕೆಲಸ ಕಲಿಸುವಾಗ ಕ್ಯಾಮೆರಾದ ನೆತ್ತಿಯ ಮೇಲೆ ಒಂದು ಇಡೀ ಅಡಿಕೆ ಇಡುತ್ತಿದ್ದ. ಎದೆ ತುಂಬ ಉಸಿರು ಎಳೆದುಕೊಂಡು, ಹಿಡಿದು, ಗುಂಡಿ ಒತ್ತಬೇಕು. ಅಡಿಕೆ ಉರುಳಿದರೆ ತಲೆಗೊಂದು ಮೊಟಕು. ಗಿರಾಕಿಗಳಿಗೂ ಅದೇ ಹುಕುಂ: "ಉಸರು ಹಿಡೀರಿ!"

ತೊಂಬತ್ತರ ದಶಕದ ಕೊನೆಗೆ, ಊರು ಬಿಡುವ ಹೊತ್ತಿನಲ್ಲಿ, ಜನ ನಮ್ಮನ್ನು ಮನೆಮನೆಗೆ ಕರೆಯುತ್ತಿದ್ದರು. ಮನೆಮಂದಿಯೆಲ್ಲ ಹೊಸ್ತಿಲ ಮುಂದೆ ನಿಲ್ಲುವುದು, ಒಂದು ಫೋಟೋ, ಆಮೇಲೆ ಬಾಗಿಲು, ಚೌಕಟ್ಟು ಕಿತ್ತುಕೊಂಡು ಹೊರಡುವುದು. ಒಂದು ಮನೆಯಲ್ಲಿ ಅಜ್ಜಿಯೊಬ್ಬಳು ಗೋಡೆ ಸವರುತ್ತ ಅಳುವುದನ್ನು ನೋಡಿ ನನ್ನ ಕೈ ನಡುಗಿತು. ಅಪ್ಪ ಕಿವಿಯ ಹತ್ತಿರ ಬಂದು ಗದರಿದ.

"ನಾಳೆ ಈ ಮನಿ ಇರೂದಿಲ್ಲ. ಫೋಟೋ ಅಲ್ಲಾಡಿದ್ರ ಮತ್ತ ಎಲ್ಲಿ ಹೋಗಿ ತಗೀತಿ? ಉಸರು ಹಿಡಿಲೇ!"

ಆವತ್ತಿನಿಂದ ಬೆರಳು ಗುಂಡಿ ಮುಟ್ಟಿತೆಂದರೆ ನನ್ನ ಉಸಿರು ತಾನಾಗಿಯೇ ನಿಲ್ಲುತ್ತಿತ್ತು.

ನವನಗರಕ್ಕೆ ಬಂದು ಕೆಲವು ವರ್ಷಗಳಾದ ಮೇಲೆ, ಸಾಲಿಯಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬ ಸ್ಟುಡಿಯೋಕ್ಕೆ ಬಂದ. ಅವನು ಮುರ್ಡೇಶ್ವರದ ಕಡೆ ಸ್ಕೂಬಾ ಕೆಲಸಕ್ಕೆ ಸೇರಿದ್ದ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಜನರನ್ನು ಸಮುದ್ರದ ತಳ ತೋರಿಸಿಕೊಂಡು ಬರುವುದು. ನನ್ನನ್ನು ಕೇಳದೆ ನೇರವಾಗಿ ಅಪ್ಪನನ್ನೇ ಕೇಳಿದ.

"ಕಾಕಾ, ನಮ್ಮಲ್ಲಿ ನೀರಾಗ ತಗಿಯೂ ಕ್ಯಾಮೆರಾ ಐತ್ರಿ, ತಗಿಯವ್ರಿಲ್ಲ. ಮೀನ, ಆಮಿ ಫೋಟೋ ಬೇಕಾಗ್ಯಾವ. ಇವನ್ನ ಕಳಸ್ರಿ."

ಅಪ್ಪ ನನ್ನ ಬಿಳಿಚಿದ ಮುಖ ನೋಡಿ ನಕ್ಕ. "ಹೋಗಿ ಬಾರಲೇ. ಸ್ಟುಡಿಯೋ ಮುಳಗೇತಿ, ನೀನೂ ಒಮ್ಮಿ ಮುಳಗಿ ಬಾ."

ಅಪ್ಪನ ಮುಂದೆ ಒಲ್ಲೆ ಅನ್ನಲು ನಾಚಿಕೆಯಾಯಿತು. ಮುಂದೆ ಅನುಭವಿಸಿದ್ದೆಲ್ಲ ಆ ನಾಚಿಕೆಯ ಫಲ.

ಗೆಳೆಯ ನಾಲ್ಕು ದಿನ ಕಡಿಮೆ ನೀರಿನಲ್ಲಿ ಕಲಿಸಿದ. ಹೇಳಿದ್ದನ್ನೇ ಹೇಳಿದ. "ನೀರಾಗ ಉಸರು ಹಿಡಿಬ್ಯಾಡ. ಎಳಿ, ಬಿಡು, ಎಳಿ, ಬಿಡು. ಹಿಡಕೊಂಡು ಮ್ಯಾಲ ಬಂದ್ರ ಎದಿಯೊಳಗಿನ ಗಾಳಿ ಹಿಗ್ಗತೈತಿ. ಬಿಸಲಾಗ ಇಟ್ಟ ಸೈಕಲ್ ಟ್ಯೂಬ್ ಒಡೀತೈತಲ್ಲ, ಹಂಗ." ಎಲ್ಲದಕ್ಕೂ ಹೂಂ ಅಂದೆ. ಅಪ್ಪನ ಅಡಿಕೆ ನೆನಪಿಗೇ ಬರಲಿಲ್ಲ.

ಐದನೆಯ ದಿನ ದೋಣಿಯಿಂದ ಹಗ್ಗ ಹಿಡಿದು ಇಳಿದೆವು. ಕಿವಿ ಒತ್ತತೊಡಗಿತು. ಮೇಲೆ ದೋಣಿಯ ತಳ ಬೆಂಕಿಪೊಟ್ಟಣದಷ್ಟಾಯಿತು. ನನ್ನ ಮತ್ತು ಸಾವಿನ ನಡುವೆ ಇರುವುದು ಬಾಯಲ್ಲಿ ಕಚ್ಚಿದ ಈ ರಬ್ಬರಿನ ತುಂಡೊಂದೇ ಅನಿಸಿ ಹಲ್ಲು ನೋಯುವಷ್ಟು ಬಿಗಿಯಾಗಿ ಕಚ್ಚಿದೆ. ಹಳದಿ ಮೀನಿನ ಹಿಂಡು ಬಂತು, ಪಟ್ಟೆ ಪಟ್ಟೆಯ ಮೀನು ಬಂತು. ಬಿಸಿಲಲ್ಲಿ ಓಡಿದ ನಾಯಿಯ ಹಾಗೆ ಏದುಸಿರು ಬಿಡುತ್ತಲೇ, ಕಣ್ಣಿಟ್ಟೂ ನೋಡದೆ, ಗುಂಡಿ ಒತ್ತಿದೆ. ಒಂದೂ ಸರಿ ಬರುವುದಿಲ್ಲ ಅಂತ ಗೊತ್ತಿತ್ತು. ಮೇಲೆ ಹೋದರೆ ಸಾಕಾಗಿತ್ತು.

ಆಗ ಬಂಡೆಯ ಮರೆಯಿಂದ ಒಂದು ಆಮೆ ಪಾಚಿ ಮೇಯುತ್ತ ಹೊರಬಂತು. ಮೇಯುವುದನ್ನು ಬಿಟ್ಟು ಕತ್ತೆತ್ತಿ ನನ್ನನ್ನು ನೋಡಿತು. ಗೋಡೆ ಸವರುತ್ತಿದ್ದ ಆ ಅಜ್ಜಿಯ ಕಣ್ಣು ನೆನಪಾಯಿತು. ಇದು ಹೋದರೆ ಮತ್ತೆಲ್ಲಿ ತೆಗೆಯಲಿ ಅನಿಸಿದ್ದೇ ತಡ, ಹೆದರಿಕೆ ಹಾರಿಹೋಯಿತು. ಅಲ್ಲಿಯವರೆಗೆ ಉಸಿರು ನಿಲ್ಲಲು ಬಿಡದೆ ನನ್ನನ್ನು ಕಾಯ್ದದ್ದು ಆ ಹೆದರಿಕೆಯೇ. ಎದೆ ತುಂಬ ಎಳೆದುಕೊಂಡೆ, ಹಿಡಿದೆ, ಒತ್ತಿದೆ. ಆಮೆ ತುಸು ಕೆಳಗೆ ಸರಿಯಿತು. ಇನ್ನೊಂದು ತೆಗೆಯೋಣ ಅಂತ ಹಿಡಿದ ಉಸಿರನ್ನು ಹಾಗೇ ಹಿಡಿದಿದ್ದೆ. ಆಮೆ ಇನ್ನೂ ಕೆಳಗಾಯಿತು. ಅದು ಇಳಿಯುತ್ತಿಲ್ಲ, ತುಂಬಿದ ಎದೆಯ ನಾನೇ ಮೇಲೇರುತ್ತಿದ್ದೇನೆ ಎಂಬುದು ಹೊಳೆಯಲಿಲ್ಲ.

ಕಾಲನ್ನು ಏನೋ ಹಿಡಿದು ಜಗ್ಗಿತು. ಹೊಳೆ ದಂಡೆಯ ಊರಿನವನಿಗೆ ಇನ್ನೇನು ಹೊಳೆದೀತು, ಮೊಸಳೆ ಅಂದುಕೊಂಡೆ. ಭಯಕ್ಕೆ ಉಸಿರು ಇನ್ನೂ ಬಿಗಿಯಾಯಿತು. ತಿರುಗಿ ನೋಡಿದರೆ, ಮುಖಕ್ಕೆ ಕಟ್ಟಿದ ಗಾಜಿನ ಹಿಂದೆ ಗೆಳೆಯನ ಕಣ್ಣು ಕಂಡಿತು. ಅವನು ನನ್ನ ಹೊಟ್ಟೆಗೆ ಮುಷ್ಟಿಯಿಂದ ಗುದ್ದಿದ. ಗುಳುಗುಳು ಅಂತ ಗಾಳಿಯೆಲ್ಲ ಹೊರಗೆ ಹೋಯಿತು. ಮುಂದೆ ದೋಣಿ ಸಿಗುವವರೆಗೂ ನನ್ನ ಸಿಲಿಂಡರಿನ ಪಟ್ಟಿ ಹಿಡಿದುಕೊಂಡು ಕೈಸನ್ನೆಯಲ್ಲೇ ಉಸಿರಾಡಿಸಿದ: ಎಳಿ, ಬಿಡು.

ದೋಣಿಯಲ್ಲಿ ನನಗಿಂತ ಹೆಚ್ಚು ಅವನೇ ನಡುಗುತ್ತಿದ್ದ. "ಇನ್ನ ಎರಡಾಳೆತ್ತರ ಮ್ಯಾಲ ಬಂದಿದ್ರ ನಿಮ್ಮಪ್ಪಗ ನಾ ಏನ ಹೇಳ್ಬೇಕಿತ್ತಲೇ?" ಅಂದ. ನಾನು ಅತ್ತುಬಿಟ್ಟೆ.

ಊರಿಗೆ ಬಂದು ರೋಲು ತೊಳೆಸಿದರೆ, ಮೂವತ್ತಾರರಲ್ಲಿ ಒಂದೇ ಒಂದು ಸರಿಯಾಗಿತ್ತು. ಆಮೆಯ ಕಣ್ಣಿನ ಸುತ್ತಲಿನ ಸುಕ್ಕುಗಳನ್ನೂ ಎಣಿಸಬಹುದಿತ್ತು. ಅಪ್ಪ ಭೂತಗನ್ನಡಿ ಹಿಡಿದು ನೋಡಿದ. ಅವನ ಮುಖ ಅರಳಿತು.

"ಇದ್ರಾಗ ಉಸರು ಹಿಡದಿ, ಹೌದಲ್ಲ?"

"ಹೂಂ ಅಪ್ಪಾ."

ಅದನ್ನು ದೊಡ್ಡದು ಮಾಡಿಸಿ ಅಂಗಡಿಯ ಗಾಜಿಗೆ ಹಾಕಿದ. ಬಂದವರಿಗೆಲ್ಲ ತೋರಿಸಿ, "ಉಸರು ಹಿಡದ ತಗದಾನ" ಎಂದು ಹೇಳಿದ್ದೇ ಹೇಳಿದ್ದು. ನೀರಿನಲ್ಲಿ ನಡೆದದ್ದನ್ನು ನಾನು ಮುಚ್ಚಿಟ್ಟೆ. ಆದರೆ ಅಂಗಡಿಯಲ್ಲಿ ಗುಂಡಿಗೆ ಬೆರಳಿಟ್ಟಾಗ ಉಸಿರು ನಿಲ್ಲುತ್ತಿತ್ತು, ಕೂಡಲೇ ಹೊಟ್ಟೆಗೆ ಗುದ್ದು ಬಿದ್ದಂತಾಗಿ ಮೈ ಬೆವರುತ್ತಿತ್ತು. ಪಾಸ್‌ಪೋರ್ಟ್ ಸೈಜಿನ ಫೋಟೋ ಕೂಡ ತೆಗೆಯಲಾಗದೆ ನೆಪ ಹೇಳಿ ಹಿಂದಿನ ಕೋಣೆಗೆ ಹೋಗುತ್ತಿದ್ದೆ. ಎಂಟು ದಿನ ನೋಡಿ ಅಪ್ಪ ಕೇಳಿಯೇಬಿಟ್ಟ. ಎಲ್ಲ ಹೇಳಿದೆ. ಅವನು ಗಿರಾಕಿಗಳ ಸ್ಟೂಲಿನ ಮೇಲೆ ಕೂತು, "ನಾನ ಕಲಿಸಿದ್ನಲ್ಲೋ" ಅಂದ.

ಮರುದಿನ ಇಳಕಲ್ಲಿನಿಂದ ನಮ್ಮ ಹಳೇ ಗಿರಾಕಿ ಹೆಂಗಸೊಬ್ಬರು ಬಂದರು. ನಮ್ಮ ಪದ್ಧತಿ ಗೊತ್ತಿದ್ದವರು, ಕೂತವರೇ ಗಲ್ಲ ಉಬ್ಬಿಸಿ ಉಸಿರು ಹಿಡಿದರು. ನಾನು ಕಿಟಕಿಯ ಪರದೆ ಸರಿಸಿ ನಿಂತೆ. ಅಪ್ಪ ಕ್ಯಾಮೆರಾ ಎತ್ತಿ, "ಉಸರು..." ಅಂದವನು ಅಲ್ಲೇ ನಿಂತ.

"ಉಸರಾಡ್ರಿ ಯವ್ವಾ," ಅಂದ. "ಆಡ್ರಿ, ಆಡ್ರಿ. ಹಿಡಿಬ್ಯಾಡ್ರಿ."

ಫೋಟೋ ಅಲ್ಲಾಡಿತು. ಅಪ್ಪ ಕೆಡಿಸಿದ ಫೋಟೋ ನಾನು ನೋಡಿದ್ದು ಅದೇ ಮೊದಲು. ಅದು ಕೆಡುತ್ತದೆ ಅಂತ ನನಗೆ ಆಗಲೇ ಗೊತ್ತಿತ್ತು, ಯಾಕೆಂದರೆ ಗುಂಡಿ ಒತ್ತುವಾಗ ಅಪ್ಪ ಆ ಹೆಂಗಸನ್ನು ನೋಡುತ್ತಿರಲಿಲ್ಲ. ಕಿಟಕಿಯ ಹತ್ತಿರ ನಿಂತಿದ್ದ ನನ್ನ ಎದೆ ಏರಿಳಿಯುತ್ತಿದೆಯೋ ಇಲ್ಲವೋ ಅಂತ ನೋಡುತ್ತಿದ್ದ.