ದೀಪದ ಕಲ್ಲಿನ ಹೊನ್ನು

ಅರಸೀಕೆರೆ ತಾಲ್ಲೂಕು, ಕಣಕಟ್ಟೆ ಹೋಬಳಿ. ಅಷ್ಟು ಸಾಕು. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಬರೆದೇ ಇಷ್ಟೆಲ್ಲ ಆಗಿದ್ದು.

ಆ ಊರಿನ ಹೈಸ್ಕೂಲಿಗೆ ಪುಷ್ಪಲತಾ ಸಮಾಜ ವಿಜ್ಞಾನದ ಮೇಡಂ. ಮನೆ ಅರಸೀಕೆರೆ ಪೇಟೆಯಲ್ಲಿ; ಗಂಡ ಶರತ್ಚಂದ್ರನಿಗೆ ಕೊಬ್ಬರಿ, ಎಣ್ಣೆಯ ವ್ಯಾಪಾರ. ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೂ ಅವಳು ಹೊರಗೆ ನೋಡುವವಳಲ್ಲ, ಫೋನಿನೊಳಗೆ ಇತಿಹಾಸ ಹುಡುಕುವವಳು. ಪಠ್ಯಪುಸ್ತಕದಲ್ಲಿ ಹೊಯ್ಸಳರಿಗೆ ಕೊಟ್ಟಿರುವುದು ಕೆಲವೇ ಪುಟ. ಅದನ್ನು ಓದಿ ಒಪ್ಪಿಸಿ ಕೈತೊಳೆದುಕೊಳ್ಳುವ ಮೇಷ್ಟರು ಬೇಕಾದಷ್ಟು ಜನ ಇದ್ದಾರೆ. ಪುಷ್ಪಲತಾಗೆ ಅದು ಆಗದು. ಮಕ್ಕಳಿಗೆ ಏನಾದರೂ ಹೊಸದು ತೋರಿಸಬೇಕು, ತೋರಿಸಿದ್ದನ್ನು ಬೇರೆ ಶಾಲೆಯವರಿಗೂ ಕಳಿಸಬೇಕು. ಸಿಕ್ಕಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನ ಅವಳದಲ್ಲ.

ಆದರೆ ಸಿಗಬೇಕಲ್ಲ. ಹೊಯ್ಸಳ ಎಂದು ಕೇಳಿದರೆ ಫೋನು ಬೇಲೂರು, ಹಳೇಬೀಡು ಎಂದು ಗಿಣಿಪಾಠ ಒಪ್ಪಿಸುತ್ತಿತ್ತು. ಡ್ರೋನ್ ವಿಡಿಯೊ, ಮದುವೆಗೆ ಮುಂಚಿನ ಜೋಡಿ ಫೋಟೊ, ಯಾವ ಹೋಟೆಲಿನಲ್ಲಿ ದೋಸೆ ಚೆನ್ನಾಗಿದೆ ಎಂಬ ಸಲಹೆ. ಹಳೇಬೀಡಿನ ಪಕ್ಕದ ಹುಲಿಕೆರೆಯ ಕೊಳದವರೆಗೆ ಬಂದು ಇತಿಹಾಸ ಅಲ್ಲಿಗೇ ನಿಂತುಬಿಡುತ್ತಿತ್ತು. ಒಂಬತ್ತನೇ ಕ್ಲಾಸಿನ ಮಕ್ಕಳು ನಮ್ಮೂರಲ್ಲಿ ಏನೂ ಇಲ್ಲ ಮಿಸ್ ಎಂದಾಗ ಅವಳಿಗೆ ಸಿಟ್ಟೇ ಬಂತು. ಅಷ್ಟು ದೊಡ್ಡ ರಾಜ್ಯ ಇವರ ಊರನ್ನು ಮಾತ್ರ ದಾಟಿಕೊಂಡು ಹೋಗಿತ್ತೇ?

ಊರಲ್ಲಿ ಒಂದು ಕಲ್ಲಿತ್ತು. ರುಕ್ಮಿಣಮ್ಮನ ತೆಂಗಿನ ತೋಟದ ಮೂಡಲ ಬದುವಿನಲ್ಲಿ, ಆಳೆತ್ತರಕ್ಕೆ, ಎಣ್ಣೆ ಕುಡಿದು ಕಪ್ಪಗಾಗಿ. ಮೇಲ್ಗಡೆ ಸೂರ್ಯ ಚಂದ್ರ, ಕೆಳಗೆ ಜಿಡ್ಡಿನಡಿಯಲ್ಲಿ ಏನೋ ಅಕ್ಷರ. ಜನ ಅದನ್ನು ದೀಪದ ಕಲ್ಲು ಎನ್ನುತ್ತಿದ್ದರು, ಯಾಕೆಂದರೆ ಸಂಜೆಯಾದರೆ ರುಕ್ಮಿಣಮ್ಮನ ಮನೆಯ ಹೆಂಗಸರು ಅಲ್ಲಿ ದೀಪ ಹಚ್ಚುತ್ತಿದ್ದರು. ಹಿಂದೆ ಅತ್ತೆ ಹಚ್ಚುತ್ತಿದ್ದಳು, ಈಗ ರುಕ್ಮಿಣಮ್ಮ. ಯಾವ ದೇವರು, ಯಾಕೆ ಎಂದು ಕೇಳಿದವರಿಲ್ಲ. ಮನೆಯಲ್ಲಿ ಸೂತಕವಿದ್ದರೆ ಪಕ್ಕದ ಮನೆಯವರಿಗೆ ಎಣ್ಣೆ ಕೊಟ್ಟು ಹಚ್ಚಿಸುತ್ತಿದ್ದರೇ ಹೊರತು ದೀಪ ತಪ್ಪಿಸಿದ್ದಿಲ್ಲ.

ಆ ಕಲ್ಲಿನ ವಿವರ ಕೊನೆಗೂ ಸಿಕ್ಕಿದ್ದು ಯಾವುದೋ ಆನ್‌ಲೈನ್ ಗ್ರಂಥಾಲಯದ ಮೂಲೆಯಲ್ಲಿ. ಮಹಾರಾಜರ ಕಾಲದಲ್ಲಿ ಊರೂರು ಸುತ್ತಿ ಶಾಸನಗಳನ್ನು ಓದಿಸಿ ಅಚ್ಚು ಹಾಕಿಸಿದ ದಪ್ಪ ಸಂಪುಟ ಅದು. ಪುಟಗಳು ಅಡ್ಡಡ್ಡ ಸ್ಕ್ಯಾನ್ ಆಗಿದ್ದವು. ಹೆಸರು ಒತ್ತಿ ಹುಡುಕಿದರೆ ಏನೂ ಬಾರದು, ಒಂದೊಂದೇ ಪುಟ ತಿರುವಬೇಕು. ಶನಿವಾರ ಮಧ್ಯಾಹ್ನ, ಒಲೆಯ ಮೇಲೆ ಅನ್ನಕ್ಕಿಟ್ಟು ಪುಟ ತಿರುವುತ್ತಿದ್ದವಳಿಗೆ 'ದಾಸೇಗೌಡನ ತೋಟದ ಮೂಡಲಲ್ಲಿ ನಟ್ಟಿರುವ ಕಲ್ಲು' ಎಂಬ ಸಾಲು ಕಂಡಿತು. ದಾಸೇಗೌಡ ಎಂದರೆ ರುಕ್ಮಿಣಮ್ಮನ ಗಂಡನ ಮುತ್ತಜ್ಜ. ಕೆಳಗೆ ಕಲ್ಲಿನ ಬರಹವಿತ್ತು. ಹೊಯ್ಸಳರ ಕಾಲದಲ್ಲಿ ಮಾಚವ್ವೆ ಎಂಬ ಹೆಂಗಸು, ದೇವರ ಮುಂದೆ ನಂದಾದೀಪ ಉರಿಯಲೆಂದು, ಎಣ್ಣೆಯ ಖರ್ಚಿಗೆ ಹೊನ್ನು ಕೊಟ್ಟಿದ್ದಳು. ಸೂರ್ಯ ಚಂದ್ರರಿರುವವರೆಗೆ ಇದನ್ನು ನಡೆಸಬೇಕು ಎಂದು ಬರೆಸಿದ್ದಳು.

ಗುಡಿ ಬಿದ್ದು ಎಷ್ಟು ಕಾಲವಾಯಿತೋ. ದೇವರಿಲ್ಲ, ಪೂಜಾರಿಯಿಲ್ಲ, ಮಾಚವ್ವೆ ಯಾರೆಂದು ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ. ದೀಪ ಮಾತ್ರ ನಿಂತಿರಲಿಲ್ಲ. ಪುಷ್ಪಲತಾ ಅಡುಗೆಮನೆಯಲ್ಲೇ ಕೂತು ಅತ್ತುಬಿಟ್ಟಳು. ಅನ್ನ ತಳ ಹಿಡಿಯಿತು.

ಸೋಮವಾರ ಮಕ್ಕಳನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಕಲ್ಲಿನ ಎದುರಿಗೇ ಅದನ್ನು ಓದಿ ಹೇಳಿದಳು. ರುಕ್ಮಿಣಮ್ಮ ತಲೆ ತುಂಬ ಸೆರಗು ಹೊದ್ದು ಕೇಳಿಸಿಕೊಂಡಳು. ಮಾಚವ್ವೆ ಎಂಬ ಹೆಸರನ್ನು ಮತ್ತೊಮ್ಮೆ ಹೇಳಿಸಿಕೊಂಡು, ಎಲ್ಲರಿಗೂ ಎಳನೀರು ಕೆತ್ತಿಸಿದಳು. ಆ ವಾರವೇ ಶಾಲೆಯ ಹೆಸರಿನಲ್ಲಿ ಒಂದು ಪುಟ ಇಂಟರ್ನೆಟ್ಟಿಗೆ ಏರಿತು. ಕಲ್ಲಿನ ಫೋಟೊ, ಮುಂದೆ ಉರಿಯುವ ದೀಪ, ಶಾಸನದ ಅರ್ಥ, ಬಂದು ನೋಡುವವರು ದಾರಿ ತಪ್ಪದಿರಲೆಂದು ಊರಿನ ಹೆಸರು, ಮ್ಯಾಪಿನಲ್ಲಿ ಗುರುತು. ಕಣ್ಣು ಸೆಳೆಯಲಿ ಎಂದು ತಲೆಬರಹವನ್ನು ಅವಳೇ ಕೊಟ್ಟಳು: 'ನಮ್ಮೂರ ಕಲ್ಲಿನಲ್ಲಿ ಹೊನ್ನಿನ ಕಥೆ'. ಹೆಡ್‌ಮಾಸ್ಟರ್ ಗಂಗಾಧರಯ್ಯ ಪ್ರಾರ್ಥನೆಯ ಹೊತ್ತಿನಲ್ಲಿ ಹೊಗಳಿದರು. ಹಗರೆ ಕಡೆಯ ಮೇಷ್ಟರೊಬ್ಬರು ನಮ್ಮ ಮಕ್ಕಳಿಗೂ ತೋರಿಸಿದೆ ಎಂದು ಬರೆದರು. ಅವಳಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಈ ಸೀಮೆಯಲ್ಲೇ ಹುಟ್ಟಿ ಬೆಳೆದವಳು ಅವಳು. ಹಳೇ ಕಲ್ಲಿನ ಮೇಲೆ ಸೂರ್ಯ ಚಂದ್ರ ಕಂಡರೆ ಅಡಿಯಲ್ಲಿ ನಿಧಿ ಇದೆ ಎಂದು ನಂಬುವವರಿದ್ದಾರೆ, ಅಮಾವಾಸ್ಯೆಗೆ ನಿಂಬೆಹಣ್ಣು, ಹಾರೆ ಹಿಡಿದುಕೊಂಡು ಬರುತ್ತಾರೆ ಎಂಬುದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಅವಳಿಗೂ ಗೊತ್ತಿತ್ತು. ಆದರೆ ಬರೆಯುವಾಗ ಅವಳ ಕಣ್ಣ ಮುಂದೆ ಇದ್ದದ್ದು ಓದುವ ಮಕ್ಕಳು, ಪಾಠ ಮಾಡುವ ಮೇಷ್ಟರು. ಬೇರೆಯವರೂ ಓದುತ್ತಾರೆ ಎಂಬುದು ಹೊಳೆಯಲೇ ಇಲ್ಲ.

ಯಾರೋ ಆ ಪುಟದ ಫೋಟೊ ಎತ್ತಿಕೊಂಡು, ತಮಟೆಯ ಸದ್ದು ಸೇರಿಸಿ, ಹೊಯ್ಸಳರ ಹೊನ್ನು ಈ ಕಲ್ಲಿನಡಿಯೇ ಇದೆ ಎಂದು ವಿಡಿಯೊ ಮಾಡಿದರು. ಅಮಾವಾಸ್ಯೆಯ ಮಾರನೇ ದಿನ ಪುಷ್ಪಲತಾ ಬಸ್ಸಿಳಿದಾಗ ರುಕ್ಮಿಣಮ್ಮನ ಮಗ ಉಮೇಶ್ ಸ್ಟಾಪಿನಲ್ಲೇ ಕಾಯುತ್ತಿದ್ದ. ಅವಳನ್ನು ನೇರ ತೋಟಕ್ಕೆ ಕರೆದುಕೊಂಡು ಹೋದ. ಬದುವಿನಲ್ಲಿ ಆಳದ ಗುಂಡಿ, ಸುತ್ತ ಕುಂಕುಮ, ಕೊಯ್ದ ನಿಂಬೆಹಣ್ಣು. ಕಲ್ಲು ಮುರಿದು ಬಿದ್ದಿತ್ತು. ಸೂರ್ಯ ಚಂದ್ರರಿದ್ದ ತುಂಡು ಒಂದು ಕಡೆ. ಅಕ್ಷರವಿದ್ದ ಭಾಗ ಹಾರೆಯ ಏಟಿಗೆ ಚೂರುಚೂರು. ರುಕ್ಮಿಣಮ್ಮ ಮಣ್ಣು ಕೆದಕಿ ಹಣತೆ ಹುಡುಕುತ್ತಿದ್ದಳು.

"ನೀವು ಹಾಕಿದ್ದು ನೋಡ್ಕಂಡೇ ಬಂದವ್ರೆ ಮೇಡಂ," ಎಂದ ಉಮೇಶ್. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಪೊಲೀಸರು ಬಂದರು, ಬರೆದುಕೊಂಡರು, ಹೋದರು. ಪುಷ್ಪಲತಾ ತನ್ನ ಪುಟವನ್ನು ಅವತ್ತೇ ಅಳಿಸಿದಳು. ಆದರೆ ವಿಡಿಯೊ ಅವಳದಲ್ಲ. ದಯವಿಟ್ಟು ತೆಗೆಯಿರಿ ಎಂದು ಬರೆದಳು, ದೂರು ಕೊಡುವ ಗುಂಡಿ ಒತ್ತಿದಳು, ಗಂಡನ ಫೋನಿನಿಂದಲೂ ಒತ್ತಿಸಿದಳು. ಆ ಕಡೆ ಉತ್ತರ ಕೊಡುವ ಮನುಷ್ಯರೇ ಇದ್ದಂತಿರಲಿಲ್ಲ. ಒಂದು ಹೋದರೆ ಅದರ ನಕಲು ಇನ್ನೆಲ್ಲೋ ಕಾಣಿಸಿಕೊಂಡಿತು. ಎಷ್ಟು ಹುಡುಕಿದರೂ ಸಿಗದಿದ್ದ ಊರು ಈಗ ಹೆಸರಿನ ಮೊದಲ ಅಕ್ಷರ ಒತ್ತಿದರೇ ಬರುತ್ತಿತ್ತು. ಮುಂದಿನ ಅಮಾವಾಸ್ಯೆಗೂ ಯಾರೋ ಬಂದು, ಉಮೇಶ್ ಮುಚ್ಚಿದ್ದ ಗುಂಡಿಯನ್ನು ಮತ್ತೆ ತೋಡಿದರು.

ಕೊನೆಗೆ ವಿಡಿಯೊದ ಕೆಳಗೆ ಅವಳು ತನ್ನ ಹೆಸರು ಹಾಕಿಯೇ ಬರೆದಳು. ನಾನು ಆ ಊರಿನ ಟೀಚರ್, ಶಾಸನವನ್ನು ನಾನೇ ಓದಿದ್ದೇನೆ, ಅಲ್ಲಿ ಏನೂ ಇಲ್ಲ, ಆ ಹೊನ್ನು ಆ ಕಾಲದಲ್ಲೇ ದೀಪದ ಎಣ್ಣೆಗೆ ಖರ್ಚಾಗಿಹೋಗಿದೆ ಎಂದು. ಸ್ವಲ್ಪ ಹೊತ್ತಿಗೇ ಒಬ್ಬ ಉತ್ತರ ಹಾಕಿದ: 'ಅಂದ್ರೆ ನಿಮಗೆ ಸಿಕ್ಕಾಯ್ತು ಅನ್ನಿ ಮೇಡಂ.' ಬಹಳ ಜನ ಅದಕ್ಕೆ ನಗುವ ಮುಖ ಒತ್ತಿದ್ದರು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಅಷ್ಟು ಸಾಕಾಯಿತು. ಕಲ್ಲು ಓದಲು ಬರುವವಳು ಅವಳೊಬ್ಬಳೇ. ಮೊದಲು ತೋಟಕ್ಕೆ ಹೋದವಳೂ ಅವಳೇ, ಆಮೇಲೆ ಪುಟ ಅಳಿಸಿದವಳೂ ಅವಳೇ. ಅವಳು ಹಾದುಹೋದರೆ ಟೀ ಅಂಗಡಿಯಲ್ಲಿ ಮಾತು ನಿಲ್ಲತೊಡಗಿತು. ಅರಸೀಕೆರೆಯಲ್ಲಿ ಶರತ್ಚಂದ್ರ ಅಂಗಡಿಗೆ ಬಣ್ಣ ಹೊಡೆಸಿದ್ದಕ್ಕೂ ಕಾರಣ ಹುಟ್ಟಿತು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲಮ್ಮ ಎಂದು ಗಂಗಾಧರಯ್ಯ ಸಮಾಧಾನ ಹೇಳಿದರು. ಅದೇ ಉಸಿರಿನಲ್ಲಿ, ವರ್ಗಾವಣೆಗೆ ಅರ್ಜಿ ಹಾಕುವುದು ಒಳ್ಳೆಯದೇನೋ ಎಂದೂ ಸೇರಿಸಿದರು. ಪುಷ್ಪಲತಾ ಈಗ ಬಸ್ಸಿನಲ್ಲಿ ಫೋನು ತೆಗೆಯುವುದಿಲ್ಲ. ಕ್ಲಾಸಿನಲ್ಲಿ ಪುಸ್ತಕದ ಪುಟಗಳನ್ನು ಓದಿ ಒಪ್ಪಿಸುತ್ತಾಳೆ.

ಊರು ಏನಾದರೂ ಅನ್ನಲಿ, ರುಕ್ಮಿಣಮ್ಮ ಒಬ್ಬಳು ನಂಬಿದರೆ ಸಾಕು ಎಂದು ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ರುಕ್ಮಿಣಮ್ಮ ಅವಳ ಮೇಲೆ ಒಂದು ದಿನವೂ ಕೂಗಾಡಿರಲಿಲ್ಲ. ಮುರಿದ ತುಂಡನ್ನೇ ಬದುವಿಗೆ ಒರಗಿಸಿ ಹೊಸ ಹಣತೆ ಇಟ್ಟು ದೀಪ ಹಚ್ಚುತ್ತಿದ್ದಳು. ಒಂದು ಮಧ್ಯಾಹ್ನ ಶಾಲೆಯ ಗೇಟಿನ ಹತ್ತಿರ ಬಂದು ನಿಂತಳು. ಸೆರಗಿನಡಿ ಒಂದು ಖಾಲಿ ಬಾಟಲಿ ಇತ್ತು.

"ಒಂದ್ ಮಾತು ಕೇಳ್ತೀನಿ, ಬ್ಯಾಸ್ರ ಮಾಡ್ಕಬ್ಯಾಡಿ ಮೇಡಂ."

"ಕೇಳಿ ಅಮ್ಮ."

"ಸಿಕ್ಕಿದ್ರೆ ಅದು ನಿಮ್ಗೇ ಇರ್ಲಿ. ಓದ್ಕಂಡೋರು ನೀವು, ನಿಮ್ಗೆ ಕಾಣಿಸ್ತು. ನಮ್ಗೆ ಬ್ಯಾಡ. ಆವಮ್ಮ ಎಣ್ಣೆಗೆ ಅಂತ ತಾನೆ ಕೊಟ್ಟಿದ್ದು? ದೀಪಕ್ಕೆ ಒಂದೀಟು ಎಣ್ಣೆ ಕೊಡ್ಸಿ, ಸಾಕು."

ಪುಷ್ಪಲತಾ ಗೇಟಿನಾಚೆ ಬಂದಳು. ಏನೂ ಸಿಕ್ಕಿಲ್ಲ, ಸಿಗುವಂಥದ್ದು ಅಲ್ಲಿ ಏನೂ ಇರಲಿಲ್ಲ ಎಂದು ಮೊದಲಿನಿಂದ ಎಲ್ಲವನ್ನೂ ಹೇಳಿದಳು. ನನ್ನ ಮಕ್ಕಳಾಣೆ ಎಂದಳು. ಆಣೆಗೀಣೆ ಯಾಕೆ ಬಿಡಿ ಎಂದು ರುಕ್ಮಿಣಮ್ಮ ತಲೆಯಾಡಿಸಿದಳು, ಆದರೆ ಬಾಟಲಿ ಹಿಡಿದುಕೊಂಡು ಅಲ್ಲೇ ನಿಂತಳು. ಕೊಡದಿದ್ದರೆ ದೇವರ ಹೊನ್ನು ತಿಂದು ಎಣ್ಣೆಗೂ ಕೈ ಬಿಚ್ಚದವಳು, ಕೊಟ್ಟರೆ ಒಪ್ಪಿಕೊಂಡಂತೆ. ಯಾವ ಕಡೆಗೂ ದಾರಿ ಇರಲಿಲ್ಲ.

ಮಾರನೇ ದಿನ ಗಂಡನ ಅಂಗಡಿಯಿಂದ ಒಂದು ಡಬ್ಬಿ ಎಣ್ಣೆ ತಂದು, ಬಸ್ಸಿಳಿದು, ಟೀ ಅಂಗಡಿಯ ಕಣ್ಣುಗಳ ಮುಂದೆಯೇ ಹಾದು, ಅವಳು ತೋಟಕ್ಕೆ ಹೋದಳು. ರುಕ್ಮಿಣಮ್ಮ ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಹತ್ತಿರ ಬಂದಳು.

"ನಾನು ಯಾರ್ಗೂ ಹೇಳಾಕಿಲ್ಲ ಕಣವ್ವ," ಎಂದಳು ಮೆಲ್ಲಗೆ.