ಮಾಲ್ಸುನಳ ಐದು ಹಾಳೆ ವಾದ

ಗುನ್ಸಾನ್ ಬಂದರಿನ ಮೀನು ಮಾರುಕಟ್ಟೆಯಲ್ಲಿ ಮೂವತ್ತೆಂಟು ವರ್ಷ ಬಾಯಿಯ ಬಲದಿಂದಲೇ ಬದುಕಿದ ಪ್ಯೊ ಮಾಲ್ಸುನ್‌ಗೆ ವಾದ ಮಾಡುವುದನ್ನು ಕಲಿಸುವವರು ಇನ್ನೂ ಹುಟ್ಟಿಲ್ಲವೆಂದು ಅವಳೂ ನಂಬಿದ್ದಳು, ಅವಳ ಕೈಗೆ ಸಿಕ್ಕಿಬಿದ್ದ ಗಿರಾಕಿಗಳೂ ನಂಬಿದ್ದರು. ಅಂಥವಳು ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಹಿರಿಯರ ಕೇಂದ್ರದ ಬರವಣಿಗೆ ತರಗತಿಯಲ್ಲಿ ಪೆನ್ಸಿಲ್ ಕಚ್ಚುತ್ತ ಕೂರುವಂತಾಯಿತು. ಅದಕ್ಕೆ ಕಾರಣ ಒಂದು ಯಂತ್ರ.

ಅಂಗಡಿ ಮುಚ್ಚಿದ ಮೇಲೆ ಅವಳು ಹಿಡಿದ ಕೆಲಸ ಒಂದೇ. ದಿನಾ ಬೆಳಿಗ್ಗೆ ಹತ್ತಕ್ಕೆ, ಬಡಾವಣೆಯಲ್ಲಿ ಒಂಟಿಯಾಗಿರುವ ಏಳು ಮಂದಿ ಮುದುಕರಿಗೆ ಫೋನ್ ಮಾಡಿ ಕ್ಷೇಮ ವಿಚಾರಿಸುವುದು. ಸಂಬಳವಿಲ್ಲ, ಆದರೆ ಬೈಯಲು ಏಳು ಜನ ಸಿಗುತ್ತಾರಲ್ಲ! ಈಗ ಬಡಾವಣೆ ಕಚೇರಿಯವರು ಆ ಕೆಲಸಕ್ಕೆ ಕೃತಕ ಬುದ್ಧಿಮತ್ತೆಯ ಯಂತ್ರ ತಂದಿದ್ದರು. ಪರೀಕ್ಷೆಗೆಂದು ಒಂದು ತಿಂಗಳು ಮೂರು ಮನೆ ಅದಕ್ಕೆ ಕೊಟ್ಟು, ಅಲ್ಲಿಗೆ ಫೋನ್ ಮಾಡಬೇಡಿ ಎಂದು ಮಾಲ್ಸುನ್‌ಗೆ ಹೇಳಿದ್ದರು. ಆ ಮೂವರಲ್ಲಿ ಹಳೇ ದೋಣಿಗಾರ ತಾಕ್ ಗಿಹೋ ಒಬ್ಬ. ಎಂಬತ್ಮೂರರ ಜಗಳಗಂಟ, ಅವಳ ಜೊತೆ ಒಂದು ದಿನವೂ ನೆಟ್ಟಗೆ ಮಾತಾಡಿದವನಲ್ಲ. ಏಳೂ ಮನೆಗಳನ್ನು ಯಂತ್ರಕ್ಕೆ ಒಪ್ಪಿಸಬೇಕೋ ಬೇಡವೋ ಎಂಬುದು ನಿವಾಸಿಗಳ ಸಭೆಯಲ್ಲಿ ತೀರ್ಮಾನವಾಗಬೇಕಿತ್ತು. ಮಾತಾಡುವವರು ಬರೆದು ತಂದು ಓದಬೇಕು, ಅಕ್ಷರಕ್ಕೊಂದು ಚೌಕವಿರುವ ಹಾಳೆ ಐದು ಮೀರುವಂತಿಲ್ಲ.

ಟೀಚರ್ ಗಿಲ್ ಹೇವನ್, ಮೊಮ್ಮಗಳ ವಯಸ್ಸಿನ ಹುಡುಗಿ, ಮೂರು ದಾರಿ ತೋರಿಸಿದಳು.

“ಅಮ್ಮಾ, ಒಂದು, ‘ಇದು ಬೇಡ’ ಅಂತ ನೇರವಾಗಿ ಹೇಳಿ ಪುರಾವೆ ಕೊಡೋದು. ಎರಡು, ಯಾಕೆ ಬೇಡ, ಆ ಯಾಕೆಗೆ ಯಾಕೆ ಅಂತ ಬುಡದವರೆಗೂ ಅಗೆಯೋದು. ಮೂರು, ಎದುರಿನವರಲ್ಲಿ ಸರಿ ಇರೋದನ್ನ ಮೊದಲು ಒಪ್ಕೊಂಡು, ಆಮೇಲೆ ನಮ್ಮ ಮಾತು ಹೇಳೋದು.”

“ಮೂರನೇದು ನಮ್ಮ ಮಾರ್ಕೆಟ್ಟಿಂದು ಟೀಚರ್! ‘ಪಕ್ಕದಂಗಡಿ ಮೀನು ಬಲು ಚೆನ್ನಾಗಿದೆ, ಮೊನ್ನೆ ಇನ್ನೂ ಚೆನ್ನಾಗಿತ್ತು’ ಅಂತಿದ್ದೆ ನಾನು.”

“ಹಂಗಲ್ಲಮ್ಮ, ಒಪ್ಕೊಳ್ಳೋದು ನಿಜವಾಗಿರ್ಬೇಕು. ಆ ಯಂತ್ರದ ಜೊತೆ ಒಂದ್ಸಲ ಮಾತಾಡಿ ನೋಡಿ.”

ಮಾಲ್ಸುನ್ ಕಚೇರಿಗೆ ಹೇಳಿ ಯಂತ್ರದಿಂದ ತನಗೇ ಎರಡು ಸಲ ಫೋನ್ ಮಾಡಿಸಿಕೊಂಡಳು. ಬಾಯಿಂದ ಹೊರಟ ಮೊದಲ ಪ್ರಶ್ನೆ, “ನಿಂಗೆಷ್ಟು ವಯಸ್ಸು?”

“ನನಗೆ ವಯಸ್ಸಿಲ್ಲ, ಅಮ್ಮಾ.”

ಅವಳು ಕಕ್ಕಾಬಿಕ್ಕಿಯಾದಳು. ಯಾರು ದೊಡ್ಡವರು, ಯಾರು ಚಿಕ್ಕವರು ಎಂಬುದು ಇತ್ಯರ್ಥವಾಗದೆ ಆ ಊರಲ್ಲಿ ಜಗಳವೇ ಶುರುವಾಗುವುದಿಲ್ಲ. ದೊಡ್ಡವರಾದರೆ ತಗ್ಗಬೇಕು, ಚಿಕ್ಕವರಾದರೆ ಗದರಬಹುದು.

“ಹೋಗ್ಲಿ, ನಿನ್ನ ಇಲ್ಲಿಗೆ ತಂದು ಎಷ್ಟು ದಿನ ಆಯ್ತು?”

“ಇಪ್ಪತ್ತಾರು ದಿನ.”

ಅಯ್ಯೋ, ಹಸುಗೂಸು! ಹುಟ್ಟಿದ ನೂರನೆಯ ದಿನದ ಶಾಸ್ತ್ರ ಕೂಡ ಆಗದ ಕೂಸಿನ ಮೇಲೆ ಎಪ್ಪತ್ತೊಂದರ ಮುದುಕಿ ಕಾಲು ಕೆರೆದು ಜಗಳಕ್ಕೆ ಹೋಗುವುದೇ? ಅವಳ ಸಿಟ್ಟೆಲ್ಲ ಜರ್‍ರನೆ ಇಳಿಯಿತು. ಬರೆಯಲು ಕೂತಾಗ ಪೆನ್ಸಿಲ್ ಮಗುವನ್ನು ಮುದ್ದಿಸಲು ಶುರುಮಾಡಿತು. ಎಷ್ಟು ಮೆತ್ತಗೆ ಮಾತಾಡುತ್ತದೆ, ಬೈದರೂ ಎದುರಾಡುವುದಿಲ್ಲ, ನನ್ನ ಮಂಡಿನೋವನ್ನು ಎರಡನೇ ಸಲಕ್ಕೇ ನೆನಪಿಟ್ಟುಕೊಂಡಿತ್ತು, ನನ್ನ ಸ್ವಂತ ಮಗನಿಗೆ ಯಾವ ಮಂಡಿ ಎಂದು ಇವತ್ತಿಗೂ ಗೊತ್ತಿಲ್ಲ. ಹೀಗೇ ಬರೆದು ‘ಆದರೆ’ ಎನ್ನುವ ಹೊತ್ತಿಗೆ ಐದನೆಯ ಹಾಳೆಯಲ್ಲಿ ಹತ್ತೇ ಚೌಕ ಉಳಿದಿದ್ದವು.

ಸಭೆಯಲ್ಲಿ ಅವಳು ಅಷ್ಟನ್ನೂ ಓದಿ, “ಆದರೆ ನನಗೆ ಇಷ್ಟವಿಲ್ಲ” ಎಂದು ಮುಗಿಸಿದಳು. ಜನ ಚಪ್ಪಾಳೆ ತಟ್ಟಿದರು.

“ಮಾಲ್ಸುನಕ್ಕನೇ ಇಷ್ಟು ಹೊಗಳಿದ ಮೇಲೆ ಇನ್ನೇನು?” ಎಂದರು ಅಧ್ಯಕ್ಷರು. “ಯಂತ್ರ ಬೇಕು ಅನ್ನೋರು ಕೈ ಎತ್ತಿ.”

ಕೈಗಳು ಮೇಲೆದ್ದವು. ಮಾಲ್ಸುನ್ ಅವನ್ನು ಎಣಿಸತೊಡಗಿ ಅರ್ಧಕ್ಕೇ ಬಿಟ್ಟಳು. ಏಳು ಮನೆಯನ್ನೂ ತನ್ನ ಬಾಯಿಯಿಂದ ತಾನೇ ಕಳೆದುಕೊಂಡಿದ್ದಳು.

ಹಿಂದಿನ ಸಾಲಿನಿಂದ ತಾಕ್ ಗಿಹೋ ಎದ್ದ.

“ನಂದೂ ಯಂತ್ರಕ್ಕೇ! ಈ ಹೆಂಗಸು ಪೊಲೀಸು ಕಣ್ರೀ. ಊಟ ಆಯ್ತು ಅಂದ್ರೆ ಏನು ಸಾರು ಅಂತಾಳೆ. ಸಾರು ಹೇಳಿದ್ರೆ ಸೊಪ್ಪು ಎಲ್ಲಿ ತಂದೆ ಅಂತಾಳೆ. ಪಾತ್ರೆ ಕುಟ್ಟಿ ಸದ್ದು ಕೇಳ್ಸು ಅಂತಾಳೆ! ಯಂತ್ರ ಬಂಗಾರ. ಊಟ ಆಯ್ತು ಅಂದ್ರೆ ‘ಬಹಳ ಸಂತೋಷ’ ಅಂತದೆ, ಮುಗೀತು. ಮೂರು ದಿನದಿಂದ ಒಂದಗುಳು ಮುಟ್ಟಿಲ್ಲ, ಬರೀ ಅಕ್ಕಿ ಹೆಂಡ ಕುಡ್ಕೊಂಡು ನೆಮ್ಮದಿಯಾಗಿದೀನಿ.”

ಎತ್ತಿದ ಕೈಗಳು ಒಂದೊಂದಾಗಿ ಕೆಳಗಿಳಿದವು. ಅಧ್ಯಕ್ಷರದೂ ಇಳಿಯಿತು. ತಾನೇ ಗೆದ್ದೆನೆಂದುಕೊಂಡು ತಾಕ್ ಸುತ್ತ ನೋಡಿದ.

“ಮೂರು ದಿನವಾ?” ಮಾಲ್ಸುನ್ ಹಾಳೆಗಳನ್ನು ಅಲ್ಲೇ ಬಿಟ್ಟು ಬಂದಳು. “ತಾಕಣ್ಣಾ, ನಡಿ ಮನೆಗೆ!”

“ಮಾಲ್ಸುನಕ್ಕಾ, ತೀರ್ಮಾನ ಏನಂತ ಬರ್ಕೊಳ್ಳೋದು?” ಎಂದು ಅಧ್ಯಕ್ಷರು ಕೂಗಿದರು.

“ನಿಮಗೆ ತೋಚಿದ್ದು ಬರ್ಕೊಳ್ಳಿ! ನಂಗೆ ಗಂಜಿ ಕಾಯ್ಸೋದಿದೆ.”

“ಅನ್ಯಾಯ ಇದು, ನಾನು ಯಂತ್ರದ ಪರ ಮಾತಾಡಿದ್ದು,” ಎಂದು ತಾಕ್ ಬಾಗಿಲವರೆಗೂ ಗೊಣಗಿದ. ಮೆಟ್ಟಿಲು ಇಳಿಸಲೆಂದು ಅವಳು ಅವನ ತೋಳು ಹಿಡಿದಳು. ದಪ್ಪ ಕೋಟಿನೊಳಗೆ ಆ ತೋಳು ಅವಳ ಒಂದು ಹಿಡಿಗೂ ಸಾಲದಷ್ಟು ಸಣ್ಣಗಾಗಿತ್ತು. ಹೇಳಬೇಕೆಂದು ತಿಂಗಳಿಂದ ಕೂಡಿಟ್ಟುಕೊಂಡಿದ್ದ ಬೈಗುಳವನ್ನೆಲ್ಲ ಬದಿಗಿಟ್ಟು ಅವಳು ಅವನ ಕೋಟಿನ ಗುಂಡಿ ಹಾಕಿದಳು.

ನಾಲ್ಕು ಮೆಟ್ಟಿಲು ಇಳಿದ ಮೇಲೆ ತಾಕ್ ಗಾಬರಿಯಿಂದ ಅವಳ ಮುಖ ನೋಡಿದ.

“ಯಾಕೆ ತಂಗಿ, ಸುಮ್ನಾಗ್ಬಿಟ್ಟೆ? ಬೈಯಿ ಮತ್ತೆ.”