ಸಂತೆಯಲ್ಲಿ ಹುಟ್ಟಿದ ಪಥ್ಯ

ನಾನೊಂದು ಪಥ್ಯ ಕಂಡುಹಿಡಿದೆ. ಶಿರಾಳಕೊಪ್ಪದ ಸಂತೆಯಲ್ಲಿ, ಈರುಳ್ಳಿ ಆರಿಸುತ್ತಾ ನಿಂತಾಗ.

ಸುಗ್ಗಿಯ ಕಾಲ ನೋಡಿ. ಶಿಕಾರಿಪುರದಲ್ಲಿ ನಮ್ಮ ಬೀದಿಯ ತುದಿಗೇ ಮೆಕ್ಕೆಜೋಳ ಬಿಡಿಸುವ ಮಷಿನ್. ಅದು ಶುರುವಾದರೆ ಧೂಳು ಅಡುಗೆಮನೆವರೆಗೆ ಬರುತ್ತದೆ, ಊರಿಗೆ ಊರೇ ಸೀನುತ್ತದೆ. ಸಂತೆಯಲ್ಲಿ ಸಿಕ್ಕ ನಿರ್ಮಲಕ್ಕನೂ ಸೀನುತ್ತಿದ್ದರು. (ನನ್ನ ಅತ್ತಿಗೆಯ ತಂಗಿ. ಸೊರಬ ತಾಲ್ಲೂಕಿನ ಉಳವಿಗೆ ಕೊಟ್ಟಿದ್ದಾರೆ. ಅಲ್ಲಿ ಭತ್ತದ ಹುಲ್ಲಿನ ಧೂಳು.) ಈ ಅಂಕಣವನ್ನು ತಪ್ಪದೆ ಓದುವವರು. ಹಾಗಾಗಿ ನನಗೆ ಎಲ್ಲ ಗೊತ್ತು ಎಂಬ ನಂಬಿಕೆ ಅವರಿಗೆ.

ಯಾರಾದರೂ ಸೀನಿದರೆ ಸಾಕು, ಬಸ್ಸಿನಲ್ಲಿ ಕೂತವರೆಲ್ಲ ವೈದ್ಯರಾಗುವ ಊರು ನಮ್ಮದು. ನಾನೇನು ಕಡಿಮೆಯೇ? ಕಾಳುಮೆಣಸು, ಜೀರಿಗೆ, ತುಳಸಿ, ಚಿಟಿಕೆ ಅರಿಶಿನ ಕುದಿಸಿ, ಬೆಲ್ಲ ಹಾಕಿ ಕುಡಿಯಲು ಹೇಳಿದೆ. ಮಲಗುವ ಮುಂಚೆ ದೊಡ್ಡಪತ್ರೆ ಹಾಕಿ ಹಬೆ ತೆಗೆದುಕೊಳ್ಳಲು ಹೇಳಿದೆ. ಇಲ್ಲಿಯವರೆಗೆ ತಪ್ಪೇನಿಲ್ಲ. ಗಂಟಲಿಗೆ ಹಿತ, ಬೇಡ ಅನ್ನುವವರು ಯಾರು?

ಆಮೇಲೆ ಅವರು ಕೇಳಿದರು, "ಪಥ್ಯ ಏನ್ರೀ ಅಕ್ಕ?"

ನಮ್ಮ ಕಡೆ ಪಥ್ಯ ಇಲ್ಲದ ಔಷಧಕ್ಕೆ ಮರ್ಯಾದೆ ಇಲ್ಲ. ಏನೂ ಇಲ್ಲ ಅಂದರೆ, ಹಂಗಾದ್ರೆ ಇದು ಬರೀ ಮೆಣಸಿನ ಸಾರು ಅಂದುಬಿಡುತ್ತಾರೆ. ನನಗೆ ಮರ್ಯಾದೆ ಬೇಕಿತ್ತು. ಬದನೆಕಾಯಿ ಬೇಡ ಅಂದೆ. ಮೊಸರು ಬೇಡ ಅಂದೆ. ಯಾಕೋ ತೂಕ ಸಾಲದು ಅನ್ನಿಸಿತು. ಅಮಾವಾಸ್ಯೆ ಕಳೆಯುವ ತನಕ ಇಂಗ್ಲಿಷ್ ಔಷಧ ಮುಟ್ಟಬಾರದು ಅಂದೆ. (ಆ ಬೆಳಿಗ್ಗೆ ನಾನೇ ಅಲರ್ಜಿ ಮಾತ್ರೆ ನುಂಗಿ ಸಂತೆಗೆ ಬಂದಿದ್ದೆ.)

ಅವರಿಗೆ ದಮ್ಮು ಇರುವುದು, ದಿನಾ ಇನ್‌ಹೇಲರ್ ಪಂಪ್ ಎಳೆಯುವುದು ನನಗೆ ಗೊತ್ತಿರಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು.

ಹೋದ ವಾರ ನನ್ನ ಮಗಳ ಮದುವೆಗೆ ಕರೆಯಲು ಉಳವಿಗೆ ಹೋದೆ. ನಿರ್ಮಲಕ್ಕ ಗೋಡೆಗೆ ಒರಗಿ ಕೂತಿದ್ದರು. ಎದೆಯಿಂದ ಸುಯ್ ಸುಯ್ ಸದ್ದು. ಗಂಡ ಹಾಲಪ್ಪ ಪಂಪ್ ಹಿಡಿದು ನಿಂತಿದ್ದಾರೆ, ಇವರು ಬೇಡವೆಂದು ಕೈ ಆಡಿಸುತ್ತಿದ್ದಾರೆ. ನೀವಾದರೂ ಹೇಳಿ ಎಂದು ಹಾಲಪ್ಪ ನನ್ನನ್ನೇ ಬೇಡಿಕೊಂಡರು. ಮೊದಲು ಪಂಪ್ ಎಳೆಯಿರಿ ಅಂದೆ.

"ಅಮಾಸೆ... ಇನ್ನೂ ಬಂದಿಲ್ಲಲ್ರೀ. ಪಥ್ಯ ಮುರಿದ್ರೆ... ಔಷಧಿ ತಿರುಗಿ ಬೀಳುತ್ತೆ," ಅಂದರು. ಒಂದೊಂದು ಮಾತಿಗೂ ಉಸಿರು ಸಾಲುತ್ತಿಲ್ಲ.

ಬ್ಯಾಗಿನಿಂದ ನನ್ನ ಮಾತ್ರೆಯ ಸ್ಟ್ರಿಪ್ ತೆಗೆದು ಅವರ ಕೈಗಿಟ್ಟೆ. "ಆ ಪಥ್ಯ ಸುಳ್ಳು, ನಿರ್ಮಲಕ್ಕ. ಬಾಯಿಗೆ ಬಂದಿದ್ದು ಹೇಳಿದೆ. ನಾನೇ ದಿನಾ ಇದನ್ನ ನುಂಗ್ತೀನಿ."

ಅವರು ಸ್ಟ್ರಿಪ್ ನೋಡಿದರು, ನನ್ನ ಮುಖ ನೋಡಿದರು. ಪಂಪ್ ಈಸಿಕೊಂಡರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಷ್ಟು ಹೊತ್ತಿಗೆ ದಮ್ಮು ಪಂಪಿನಿಂದ ತಗ್ಗುವ ಹಂತ ದಾಟಿತ್ತು. ಪಕ್ಕದ ಮನೆಯವರ ಕಾರಿನಲ್ಲಿ ಸೊರಬದ ಆಸ್ಪತ್ರೆಗೆ ಓಡಿದೆವು. ನೆಬ್ಯುಲೈಸರ್ ಹಾಕಿ, ಉಸಿರು ಹತೋಟಿಗೆ ಬಂದ ಮೇಲೆ ಡಾಕ್ಟರ್ ಸಿಟ್ಟಿನಿಂದಲೇ ಕೇಳಿದರು, ಪಂಪ್ ಬಿಡಲು ಹೇಳಿದ ಮಹಾನುಭಾವರು ಯಾರು ಅಂತ. ಹಾಲಪ್ಪ ನೆಲ ನೋಡಿದರು. ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ.

ನಿರ್ಮಲಕ್ಕ ಮಾಸ್ಕ್ ಸರಿಸಿದರು. "ಯಾರೂ ಇಲ್ರೀ. ಸುಗ್ಗಿ ಗಡಿಬಿಡೀಲಿ ನಾನೇ ಮರ್ತೆ."

ತಮ್ಮ ಜೀವಕ್ಕೆ ಕುತ್ತು ತಂದವಳ ಮಾನವನ್ನು ಅವರೇ ಉಳಿಸಿದರು. ಆಗಲಾದರೂ ನಿಜ ಹೇಳಿದೆನೇ? ಇಲ್ಲ. ಲೇಖಕಿ ಎಂದು ಹಾಲಪ್ಪ ಆಗಲೇ ಪರಿಚಯ ಮಾಡಿಸಿಬಿಟ್ಟಿದ್ದರು ನೋಡಿ.

ಡಾಕ್ಟರ್ ನನ್ನ ಕಡೆ ತಿರುಗಿದರು. ಸರಿಯಾದ ಹೊತ್ತಿಗೆ ಕರೆತಂದಿರಿ, ನಿಮ್ಮಂಥ ತಿಳಿದವರು ಮನೆಗೊಬ್ಬರು ಇರಬೇಕು ಅಂದರು. ನಾನು ಕೈಮುಗಿದು ಥ್ಯಾಂಕ್ಸ್ ಅಂದೆ.

ಹೇಳಿ, ನಿಮ್ಮ ಮನೆಗೂ ಒಬ್ಬಳು ಬೇಕೇ?